ಪುಣೆ–ಬೆಂಗಳೂರು ಗಗನಾಂತರ ಮೀಮಾಂಸೆ

ಪುಣೆಯ ಲೋಹಗಾಂವ್ ನಿಲ್ದಾಣಕ್ಕೂ ಬೆಂಗಳೂರಿನ ದೇವನಹಳ್ಳಿ ನಿಲ್ದಾಣಕ್ಕೂ ಆಕಾಶದಲ್ಲಿ ನೇರ ಗೆರೆ ಎಳೆದರೆ ಸುಮಾರು 720 ಕಿ.ಮೀ. ಆಗುತ್ತದೆ. ಈ ದೂರದ ಬಗ್ಗೆ ಪಂಡಿತರಲ್ಲಿ ತಕರಾರಿಲ್ಲ, ತಕರಾರೆಲ್ಲ ಕಾಲದ್ದು.

ಪೂರ್ವಪಕ್ಷದವರು ಹೇಳುತ್ತಾರೆ: ಜೆಟ್ ವಿಮಾನ ಗಂಟೆಗೆ 800 ಕಿ.ಮೀ. ಹಾರುತ್ತದೆ, ಆದ್ದರಿಂದ 54 ನಿಮಿಷ ಸಾಕು. ಮೇಷ್ಟ್ರು ಮೆಚ್ಚುವ ಲೆಕ್ಕ. ಆದರೆ ವೇಳಾಪಟ್ಟಿಯ ಪ್ರಕಾರ ಬೇಕಾದದ್ದು ಒಂದೂವರೆ ಗಂಟೆಯ ಆಸುಪಾಸು. ವಿಮಾನ ನಿಂತಲ್ಲಿಂದ ಕದಲಿದ ಕ್ಷಣದಿಂದ ಇನ್ನೊಂದೂರಲ್ಲಿ ಬಂದು ನಿಲ್ಲುವವರೆಗೂ ಗಡಿಯಾರ ಓಡುತ್ತದೆ. ನೆಲದ ಮೇಲೆ ತೆವಳಿದ್ದು, ಲೋಹಗಾಂವ್ ವಾಯುಪಡೆಯ ನೆಲೆಯಾದ್ದರಿಂದ ಯುದ್ಧವಿಮಾನಕ್ಕೆ ದಾರಿ ಬಿಟ್ಟು ಕಾದದ್ದು ಎಲ್ಲವೂ ಹಾರಾಟವೇ. ಮೇಲಾಗಿ 15 ನಿಮಿಷದೊಳಗಿನ ತಡವನ್ನು ವಾಯುಯಾನಶಾಸ್ತ್ರ ತಡವೆಂದೇ ಒಪ್ಪುವುದಿಲ್ಲ. ಇದಕ್ಕೆ ಖಗೋಳದ ಆಧಾರವೂ ಉಂಟು: ಬೆಂಗಳೂರಿನ ನೆತ್ತಿಗೆ ಬಂದ ಸೂರ್ಯ ಪುಣೆಯ ನೆತ್ತಿಗೆ ಬರಲು ಹೆಚ್ಚುಕಡಿಮೆ 15 ನಿಮಿಷವೇ ತೆಗೆದುಕೊಳ್ಳುತ್ತಾನೆ. ಅವನನ್ನು ಯಾರೂ ಪ್ರಶ್ನಿಸಿಲ್ಲ.

ಇನ್ನು ಸಿದ್ಧಾಂತ. 2008ರ ಮೇ ತಿಂಗಳಲ್ಲಿ ಬೆಂಗಳೂರಿನ ವಿಮಾನಗಳು ಎಚ್‌ಎಎಲ್ ನಿಲ್ದಾಣ ಬಿಟ್ಟು ದೇವನಹಳ್ಳಿಗೆ ಹೋದವು. ದೇವನಹಳ್ಳಿ ಊರಿನ ಉತ್ತರಕ್ಕೆ, ಪುಣೆಯೂ ಉತ್ತರಕ್ಕೇ. ಅಂದರೆ ಬೆಂಗಳೂರು ರಾತ್ರೋರಾತ್ರಿ ಪುಣೆಗೆ ಸುಮಾರು 20 ಕಿ.ಮೀ. ಹತ್ತಿರ ಬಂತು! ಪುಣೆಯ ಕೋಥ್ರೂಡಿನಿಂದ ಬೆಂಗಳೂರಿನ ಜಯನಗರದ ತಾಯಿಮನೆಗೆ ಹೊರಟ ಕನ್ನಡಿಗ ಈ ಸಾಮೀಪ್ಯವನ್ನು ಹೆಬ್ಬಾಳದ ಮೇಲ್ಸೇತುವೆಯಲ್ಲಿ ಕೂತು ಅನುಭವಿಸುತ್ತಾನೆ. ಪುಣೆಯೂ ಸುಮ್ಮನಿಲ್ಲ. ಆಗ್ನೇಯಕ್ಕೆ, ಪುರಂದರದಲ್ಲಿ, ಹೊಸ ನಿಲ್ದಾಣದ ಯೋಜನೆಯಿದೆ. ಕಟ್ಟಿ ಮುಗಿದರೆ ಆಕಾಶದಲ್ಲಿ ಇನ್ನೊಂದು ಮೂವತ್ತು–ನಲವತ್ತು ಕಿ.ಮೀ. ಉಳಿತಾಯ, ಉಳಿಸಿದ್ದನ್ನು ಪ್ರಯಾಣಿಕ ಪುರಂದರದ ದಾರಿಯ ದಿವೆ ಘಾಟಿನ ತಿರುವುಗಳಲ್ಲಿ ಖರ್ಚು ಮಾಡತಕ್ಕದ್ದು. ಆದ್ದರಿಂದ ಸೂತ್ರ: ನಿಲ್ದಾಣಕ್ಕೆ ನಿಲ್ದಾಣ ಹತ್ತಿರವಾದಷ್ಟೂ ಮನೆಗೆ ಮನೆ ದೂರ.

ಅಮ್ಮಂದಿರು ಈ ಶಾಸ್ತ್ರವನ್ನು ಗುರುವಿಲ್ಲದೆ ಬಲ್ಲರು. “ಅಮ್ಮಾ, ವಿಮಾನ ಇಳೀತು” ಎಂದು ಮಗ ಫೋನ್ ಮಾಡಿದರೆ, “ಹಾಗಾದ್ರೆ ಅನ್ನಕ್ಕೆ ಈಗ್ಲೇ ಇಡಲ್ಲ ಬಿಡಪ್ಪ” ಎನ್ನುತ್ತಾರೆ.

ಸೂತ್ರವನ್ನು ತುದಿಮುಟ್ಟ ಎಳೆಯೋಣ. ನಿಲ್ದಾಣಗಳೆರಡೂ ಹೀಗೇ ಒಂದರತ್ತ ಒಂದು ಸರಿಯುತ್ತ ಹೋದರೆ ಕೂಡುವುದೆಲ್ಲಿ? ಈಗಿನ ಗೆರೆಯ ನಡುಮಧ್ಯ ಮಲಪ್ರಭೆಯ ದಂಡೆಯಲ್ಲಿ, ಚಾಲುಕ್ಯ ದೊರೆಗಳು ಪಟ್ಟ ಕಟ್ಟಿಸಿಕೊಳ್ಳುತ್ತಿದ್ದ ಪಟ್ಟದಕಲ್ಲಿನ ಆಸುಪಾಸು ಬೀಳುತ್ತದೆ. ಅಲ್ಲಿ ಹಾರುವ ದೂರ ಸೊನ್ನೆ, ಹಾರುವ ಕಾಲ ಸೊನ್ನೆ. ಪುಣೆಯವರು ರಾತ್ರಿ ಬಸ್ಸಿನಲ್ಲಿ ಬಂದಿಳಿದು, ಒಂದು ಬಾಗಿಲಿಂದ ಹೊಕ್ಕು, ಬೆಲ್ಟು ಬಿಚ್ಚಿ ತಪಾಸಣೆ ಮಾಡಿಸಿಕೊಂಡು, ಇನ್ನೊಂದು ಬಾಗಿಲಿಂದ ಹೊರಬಂದು ಬೆಂಗಳೂರಿನ ಬಸ್ಸು ಹತ್ತಬಹುದು. ಇದರಲ್ಲೂ 15 ನಿಮಿಷ ತಡವಾಗಬಹುದು, ಅದು ತಡವಲ್ಲ.

ತೊಡಕು ಒಂದೇ. ಪಟ್ಟದಕಲ್ಲು 1987ರಿಂದ ವಿಶ್ವಪರಂಪರೆಯ ತಾಣ. ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸದಾಗಿ ಕಟ್ಟುವಂತಿಲ್ಲ. ರನ್‌ವೇಯ ಅಗತ್ಯವೇ ಇಲ್ಲದ ನಿಲ್ದಾಣವಾದ್ದರಿಂದ 101ನೇ ಮೀಟರಿನಲ್ಲಿ ಒಂದು ಕ್ಯಾಂಟೀನ್, ಎರಡು ಬಾಗಿಲು ಸಾಕೆಂದು ಈ ಲೇಖಕನ ಮತ.