ಯಾಣ ಮೀಮಾಂಸೆ: ಒಂದು ಸುಲಭ ದಾರಿಯ ಸಂಕೀರ್ಣ ಸಂಕಥನ

1. ಪ್ರಸ್ತಾವನೆ

ಉತ್ತರ ಕನ್ನಡ ಜಿಲ್ಲೆಯ ಕುಮಟಾ ತಾಲ್ಲೂಕಿನಲ್ಲಿ, ಸಹ್ಯಾದ್ರಿಯ ಕಾಡಿನ ನಡುವೆ, ಯಾಣವೆಂಬ ಭೌಗೋಳಿಕ-ಪೌರಾಣಿಕ-ಸಾಂಸ್ಕೃತಿಕ ಪಠ್ಯವೊಂದು ನಿಂತಿದೆ. ಸದರಿ ಪಠ್ಯವು 120 ಮೀಟರ್ ಎತ್ತರದ ಭೈರವೇಶ್ವರ ಶಿಖರ ಮತ್ತು 90 ಮೀಟರ್ ಎತ್ತರದ ಮೋಹಿನಿ ಶಿಖರ ಎಂಬೆರಡು ಮುಖ್ಯ ಅಧ್ಯಾಯಗಳನ್ನೂ, ಕಾಡಿನೊಳಗೆ ಚದುರಿಬಿದ್ದ ಹಲವು ಅಡಿಟಿಪ್ಪಣಿಗಳನ್ನೂ ಒಳಗೊಂಡಿದೆ. ಓದುಗರು (ಹಳೆಯ ಪರಿಭಾಷೆಯಲ್ಲಿ 'ನೋಡಲು ಬಂದವರು') ವಾಹನ ನಿಲುಗಡೆಯೆಂಬ ಮುಖಪುಟದಿಂದ ಹೊರಟು, ಕಾಡುದಾರಿಯೆಂಬ ಮುನ್ನುಡಿಯನ್ನು ದಾಟಿ, ಮೆಟ್ಟಿಲುಗಳೆಂಬ ಪರಿವಿಡಿಯನ್ನು ಏರಿ, ಪಠ್ಯದೊಂದಿಗೆ ಮುಖಾಮುಖಿಯಾಗುತ್ತಾರೆ. ಸರಳವಾಗಿ ಹೇಳುವುದಾದರೆ... ಆದರೆ ಸರಳವಾಗಿ ಹೇಳುವುದು ಪ್ರಸ್ತುತ ಅಧ್ಯಯನದ ವ್ಯಾಪ್ತಿಗೆ ಬರುವುದಿಲ್ಲ.

1.1 ಅಧ್ಯಯನ ವಿಧಾನ

ಬಹುಶಿಸ್ತೀಯ, ಅಂತರಶಿಸ್ತೀಯ ಹಾಗೂ ಅಗತ್ಯ ಬಿದ್ದೆಡೆ ಅಶಿಸ್ತೀಯ. ಪ್ರಾಥಮಿಕ ಆಕರ: ಮೊಣಕಾಲು. ದ್ವಿತೀಯಕ ಆಕರ: ಎದುರಿಗೆ ಸಿಕ್ಕವರ ಮಾತು. ಅಧ್ಯಯನದ ಮಿತಿ: ಉಸಿರು.

2. ಪೂರ್ವಸೂರಿಗಳು

ಈ ಕ್ಷೇತ್ರದ ಆದ್ಯ ಸಂಶೋಧಕನ ಹೆಸರು ಉಳಿದಿಲ್ಲ. ಉಳಿದದ್ದು ಅವನ ಒಂದು ವಾಕ್ಯ: 'ಸೊಕ್ಕಿದ್ದವ ಯಾಣಕ್ಕೆ ಹೋಗ್ತಾನೆ, ರೊಕ್ಕಿದ್ದವ ಗೋಕರ್ಣಕ್ಕೆ ಹೋಗ್ತಾನೆ.' ಗ್ರಂಥಋಣವಿಲ್ಲ, ಮಾರ್ಗದರ್ಶಕರಿಗೆ ಕೃತಜ್ಞತೆಯಿಲ್ಲ, ಐಎಸ್‌ಎಸ್‌ಎನ್ ಸಂಖ್ಯೆಯಂತೂ ಇಲ್ಲವೇ ಇಲ್ಲ. ಆದ್ದರಿಂದ ಬಡ್ತಿಯ ಲೆಕ್ಕಕ್ಕೆ ಇದು ಬಾರದು. ಹಾಗಿದ್ದೂ ಘಟ್ಟದ ಮೇಲೆ, ಘಟ್ಟದ ಕೆಳಗೆ ಎರಡೂ ಕಡೆಯ ಜನ ಇದನ್ನು ಇವತ್ತಿಗೂ ಬಾಯಿಪಾಠ ಒಪ್ಪಿಸುತ್ತಾರೆ. ನಮ್ಮ ಯಾವ ಪ್ರಬಂಧಕ್ಕೂ ಆ ಭಾಗ್ಯ ಬಂದಿಲ್ಲ. ದಟ್ಟ ಕಾಡಿನಲ್ಲಿ ಗುಡ್ಡ ಹತ್ತಿಳಿದು ಯಾಣ ಮುಟ್ಟಬೇಕಾದರೆ ಆಗ ಮೈಯಲ್ಲಿ ಕಸುವು ಉಕ್ಕುತ್ತಿರಬೇಕಿತ್ತು. ಗೋಕರ್ಣದಲ್ಲಿ ಪೂಜೆ, ದಾನ, ದಕ್ಷಿಣೆ ಎಂದು ಕೈಬಿಚ್ಚಲು ಗಂಟಿನಲ್ಲಿ ಕಾಸಿರಬೇಕಿತ್ತು. ಮುಂದೆ ರಸ್ತೆ ಬಂತು. ಸುನೀಲ್ ಕುಮಾರ್ ದೇಸಾಯಿಯವರ 'ನಮ್ಮೂರ ಮಂದಾರ ಹೂವೆ' ಬಂದು, ಆ ಕಪ್ಪು ಬಂಡೆಗಳನ್ನು ನಾಡಿನ ಮೂಲೆಮೂಲೆಯ ಟಾಕೀಸುಗಳಿಗೆ ಹೊತ್ತೊಯ್ದಿತು. ಈಗ ರೊಕ್ಕಿದ್ದವನೂ ಯಾಣಕ್ಕೆ ಬರುತ್ತಾನೆ, ಸೊಕ್ಕಿದ್ದವನು ಗೋಕರ್ಣದ ಕಡಲ ದಂಡೆಯಲ್ಲಿ ಮಲಗಿರುತ್ತಾನೆ. ಮೂಲ ಸಿದ್ಧಾಂತ ಪರಿಷ್ಕರಣೆ ಬೇಡುತ್ತಿದೆ.

2.1 ಪೌರಾಣಿಕ ಮತ್ತು ಭೂವೈಜ್ಞಾನಿಕ ಸಂಕಥನಗಳ ಮುಖಾಮುಖಿ

ಮೊದಲನೆಯ ಸಂಕಥನದ ನಾಯಕ ಭಸ್ಮಾಸುರ. ಯಾರ ತಲೆಯ ಮೇಲೆ ಕೈಯಿಟ್ಟರೂ ಅವರು ಬೂದಿಯಾಗುವ ವರವನ್ನು ಶಿವನಿಂದ ಪಡೆದು, ಅದನ್ನು ಕೊಟ್ಟವನ ತಲೆಯ ಮೇಲೆಯೇ ಪರೀಕ್ಷಿಸ ಹೊರಟವನು. ವಿಷ್ಣು ಮೋಹಿನಿಯಾಗಿ ಕುಣಿದ, ಇವನೂ ಕುಣಿದ, ಕುಣಿತದ ಭರದಲ್ಲಿ ತನ್ನ ತಲೆ ತಾನೇ ಮುಟ್ಟಿಕೊಂಡ. ಸುತ್ತಲಿನ ಕಪ್ಪು ಮಣ್ಣು ಅವನ ಬೂದಿ ಎನ್ನುತ್ತಾರೆ ಸ್ಥಳೀಯರು. ಎರಡನೆಯ ಸಂಕಥನದಲ್ಲಿ ನಾಯಕನಿಲ್ಲ, ಬರೀ ಸುಣ್ಣದ ಕಲ್ಲು ಮತ್ತು ಮಳೆ. ಮಳೆನೀರು ಗಾಳಿಯಲ್ಲಿರುವ, ಕಾಡಿನ ಮಣ್ಣಿನಲ್ಲಿರುವ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ತೆಳು ಆಮ್ಲವಾಗುತ್ತದೆ. ಕಲ್ಲಿನ ಸೀಳಿನಲ್ಲಿಳಿದು ಅದನ್ನು ಕರಗಿಸುತ್ತ ಹೋಗುತ್ತದೆ. ವರ್ಷಕ್ಕೆ 3000 ಮಿಲಿಮೀಟರ್ ಮೀರಿ ಸುರಿಯುವ ನಾಡಿನಲ್ಲಿ ಈ ಕೆಲಸಕ್ಕೆ ನೀರಿನ ಬರವಿಲ್ಲ. ಮೆತ್ತಗಿದ್ದದ್ದು ಕರಗಿಹೋಯಿತು, ಗಟ್ಟಿಯಿದ್ದದ್ದು ಚೂಪುಚೂಪಾಗಿ ನಿಂತಿತು. ಒಬ್ಬರು ಸುಟ್ಟಿತು ಎನ್ನುತ್ತಾರೆ, ಇನ್ನೊಬ್ಬರು ಕರಗಿತು ಎನ್ನುತ್ತಾರೆ. ಎರಡು ಪಕ್ಷದವರೂ ಭೈರವೇಶ್ವರನ ಬುಡದ ಗುಹೆಯಲ್ಲಿ ಲಿಂಗದ ಮೇಲೆ ಹನಿಯುವ ನೀರಿಗೆ ತಲೆಯೊಡ್ಡುತ್ತಾರಾದ್ದರಿಂದ ಈ ವಿವಾದವನ್ನು ಇತ್ಯರ್ಥಪಡಿಸುವ ತುರ್ತು ಕಾಣುವುದಿಲ್ಲ.

3. ದೂರದ ಸಾಪೇಕ್ಷತೆ

ವಾಹನ ನಿಲ್ಲಿಸಿದಲ್ಲಿಂದ ಬಂಡೆಯವರೆಗೆ ಅಬ್ಬಬ್ಬಾ ಎಂದರೆ ಒಂದು ಕಿಲೋಮೀಟರಿನ ಆಸುಪಾಸು. ಆದರೆ ಕಿಲೋಮೀಟರ್ ವಸಾಹತುಶಾಹಿ ಮಾಪನ. ದೇಸಿ ಮಾಪನವೆಂದರೆ 'ಐದು ನಿಮಿಷ'. ಇಳಿಯುವವರನ್ನು ಎಲ್ಲಿ ನಿಲ್ಲಿಸಿ ಕೇಳಿದರೂ 'ಇಲ್ಲೇ, ಐದು ನಿಮಿಷ' ಎಂಬ ಉತ್ತರವೇ ಬರುವುದನ್ನು ಪ್ರಸ್ತುತ ಸಂಶೋಧಕ ಗಮನಿಸಿದ್ದಾನೆ. ಬುಡದಲ್ಲೂ ಐದು ನಿಮಿಷ, ನಡುವೆಯೂ ಐದು ನಿಮಿಷ, ಬಂಡೆ ಕಣ್ಣೆದುರು ಬಂದ ಮೇಲೂ ಐದು ನಿಮಿಷ. ಭೌತಶಾಸ್ತ್ರದಲ್ಲಿ ಬೆಳಕಿನ ವೇಗಕ್ಕಿರುವ ಸ್ಥಾನ ಚಾರಣಶಾಸ್ತ್ರದಲ್ಲಿ ಇದಕ್ಕಿದೆ.

ಈ ಸಿದ್ಧಾಂತವನ್ನು ಪ್ರಶ್ನಿಸಿದವರು ಹಾವೇರಿ ಕಡೆಯ ಒಬ್ಬ ಅಜ್ಜಿ. ಇಳಕಲ್ ಸೀರೆಯ ನೆರಿಗೆಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಇನ್ನೊಂದು ಕೈಯಿಂದ ಮುಂದಿನ ಮೆಟ್ಟಿಲನ್ನೇ ಊರಿಕೊಂಡು ಹತ್ತುತ್ತಿದ್ದರು. "ಇನ್ನ ಎಷ್ಟ್ ದೂರ ಐತಪಾ?" ಎಂದರು. ಇಳಿಯುತ್ತಿದ್ದ ಹುಡುಗ, "ಇಲ್ಲೇ ಬಂತ್ರಿ ಅಜ್ಜಿ, ಐದ್ ನಿಮಿಷ" ಎಂದ. ಅಜ್ಜಿ ನಿಂತು ಉಸಿರು ಬಿಟ್ಟು, "ಈ ಐದ್ ನಿಮಿಷಾನ ನಾ ಆಗಿಂದ ಕೇಳಾಕತ್ತೇನಿ. ಯಾರರ ಬ್ಯಾರೇದ ಹೇಳ್ರೋ" ಎಂದರು. ಇಡೀ ಅಧ್ಯಯನದಲ್ಲಿ ದೊರೆತ ಏಕೈಕ ಮೌಲಿಕ ವಿಮರ್ಶೆ ಇದು.

4. ಚಾರಣಿಗರ ವರ್ಗೀಕರಣ

4.1 ಸ್ಮೃತಿಜೀವಿ. ಕಾರಿನಿಂದ ಇಳಿಯುತ್ತಲೇ "ನಮ್ಮ ಕಾಲದಲ್ಲಿ ಇಲ್ಲೀತನಕ ಕಾರು ಬರ್ತಿರ್ಲಿಲ್ಲ ಗೊತ್ತಾ" ಎಂದು ಶುರು ಮಾಡುವವನು. ಹತ್ತುವಾಗ ಕಂಡದ್ದು ಹುಲಿಯ ಹೆಜ್ಜೆ; ಇಳಿಯುವಷ್ಟರಲ್ಲಿ ಹುಲಿ. ದಾರಿ ಸುಲಭವಾದದ್ದೇ ಯಾಣದ ಅವನತಿ ಎಂಬುದು ಇವನ ಪ್ರಮೇಯ. ಅದೇ ಸುಲಭದ ದಾರಿಯಲ್ಲಿ ಇವನೇ ಎಲ್ಲರಿಗಿಂತ ಮೊದಲು ಏದುಸಿರು ಬಿಡುತ್ತಾನೆ.

4.2 ಸಲಕರಣಾಜೀವಿ. ಎವರೆಸ್ಟಿಗೆ ಹೊರಟವನು ದಾರಿ ತಪ್ಪಿ ಇಲ್ಲಿಗೆ ಬಂದಿರಬೇಕು ಎನ್ನಿಸುವಂಥ ಬೂಟು, ಎರಡು ಊರುಗೋಲು, ಹೆಗಲಿಂದ ಬಾಯಿಗೆ ನೀರಿನ ಕೊಳವೆ. ದೇವಸ್ಥಾನಕ್ಕೆ ತೆಂಗಿನಕಾಯಿ ಮೂಟೆ ಹೊತ್ತ ಹವಾಯಿ ಚಪ್ಪಲಿಯ ಹುಡುಗ "ಸ್ವಲ್ಪ ದಾರಿ ಬಿಡಿ ಸಾರ್" ಎಂದು ಇವನನ್ನು ದಾಟಿ ಹೋಗುತ್ತಾನೆ.

4.2.1 ಉಪವರ್ಗ: ಬಾಡಿಗೆ ಸಲಕರಣಾಜೀವಿ.

4.2.1.1 ಉಪೋಪವರ್ಗ: ಅಣ್ಣನ ಸಲಕರಣೆ ಹೇಳದೆ ತಂದವನು.

4.3 ಪಂಡಿತಜೀವಿ. ಇವನನ್ನು ಕುರಿತು ವಿವರವಾಗಿಯೇ ಹೇಳಬೇಕು. ಈ ಪ್ರಬಂಧ ಹುಟ್ಟಿದ್ದೇ ಇವನ ದೆಸೆಯಿಂದ. ಕಾಲೇಜೊಂದರಲ್ಲಿ ಎರಡು ದಿನಗಳ ರಾಷ್ಟ್ರಮಟ್ಟದ ವಿಚಾರ ಸಂಕಿರಣ. ರಾಷ್ಟ್ರಮಟ್ಟ ಏಕೆಂದರೆ ಗೋವಾದಿಂದ ಒಬ್ಬರು ಬಂದಿದ್ದರು. ಮೊದಲ ದಿನ ಸ್ವಾಗತ, ದೀಪ, ಹಾರ, ಶಾಲು, ಸ್ಮರಣಿಕೆ, ಊಟ. ಎರಡನೆಯ ದಿನ ಬೆಳಿಗ್ಗೆ ಬಸ್ಸಿನಲ್ಲಿ ಯಾಣಕ್ಕೆ 'ಕ್ಷೇತ್ರಕಾರ್ಯ'. ಬಸ್ಸು ನಿಂತಿತು. ನಲವತ್ತೈದು ದಾಟದ, ಸಕ್ಕರೆ ಕಾಯಿಲೆಯೂ ಇಲ್ಲದ ವಿದ್ವಾಂಸರು ಇಳಿದು, ಮೇಲಕ್ಕೊಮ್ಮೆ ನೋಡಿ, ಅಂಗಡಿಯ ಬೆಂಚಿನ ಮೇಲೆ ಕುಳಿತು ಮಜ್ಜಿಗೆ ತರಿಸಿಕೊಂಡರು. ಮರಗಳ ಮರೆಯಲ್ಲಿದ್ದ ಬಂಡೆ ಅಲ್ಲಿಂದ ಕಾಣುವುದೂ ಇಲ್ಲ. ಮಧ್ಯಾಹ್ನದ ಗೋಷ್ಠಿಯಲ್ಲಿ ಅವರಲ್ಲೇ ಒಬ್ಬರು ಭೈರವೇಶ್ವರ ಶಿಖರದ 'ಲಂಬ ಯಜಮಾನಿಕೆ'ಯನ್ನೂ, ಮೋಹಿನಿ ಶಿಖರ ಮೂವತ್ತು ಮೀಟರ್ ಗಿಡ್ಡವಿರುವುದರ ಹಿಂದಿನ ಅಧಿಕಾರ ರಾಜಕಾರಣವನ್ನೂ, ಮೆಟ್ಟಿಲುಗಳು ಅನುಭವವನ್ನು ಸರಕಾಗಿಸುವ ಬಗೆಯನ್ನೂ ಕುರಿತು ಇಪ್ಪತ್ತು ನಿಮಿಷ ಓದಿದರು. ಕೇಳುತ್ತ ಕೂತ ವಿದ್ಯಾರ್ಥಿಗಳು ಅದನ್ನೆಲ್ಲ ಬರೆದುಕೊಂಡರು. ನನ್ನ ಸಿಟ್ಟು ಇರುವುದು ಅಲ್ಲಿ. ಬೆಳಿಗ್ಗೆ ಬಂಡೆಯನ್ನು ಕೈಯಾರೆ ಮುಟ್ಟಿ, ತಲೆಯೆತ್ತಿ ನೋಡಿ, ಜೇನುಗೂಡು ಎಣಿಸಿ ಬಂದಿದ್ದ ಮಕ್ಕಳು ಮಧ್ಯಾಹ್ನ ಅದನ್ನು ನೋಡದವನ ಮಾತನ್ನು ಬರೆದುಕೊಂಡರು. ಸಂಜೆ ಎಲ್ಲರಿಗೂ 'ಕ್ಷೇತ್ರಕಾರ್ಯದಲ್ಲಿ ಸಕ್ರಿಯವಾಗಿ ಪಾಲ್ಗೊಂಡಿದ್ದಾರೆ' ಎಂಬ ಪ್ರಮಾಣಪತ್ರ ಸಿಕ್ಕಿತು.

4.4 ಚೌಕಟ್ಟುಜೀವಿ. ಫೋನಿನ ಚೌಕಟ್ಟಿನಾಚೆಗೆ ಲೋಕವಿದೆಯೆಂಬುದನ್ನು ತಾತ್ವಿಕವಾಗಿ ನಿರಾಕರಿಸಿದವನು. ಆ ಹಾವೇರಿ ಅಜ್ಜಿ ಕೊನೆಗೂ ಮೇಲೆ ಬಂದರು. ಚಪ್ಪಲಿ ಕಳಚಿಟ್ಟು, ಬಂಡೆಯ ಒದ್ದೆ ಮೈಗೆ ಅಂಗೈ ಒತ್ತಿ, ಆ ನೀರನ್ನೇ ಕಣ್ಣಿಗೆ ಒತ್ತಿಕೊಂಡು ಹಾಗೇ ನಿಂತರು. ಅವರು ನಿಂತದ್ದು ಒಂದು ಉಸಿರಿನಷ್ಟು ಹೊತ್ತು. ಹಿಂದಿನಿಂದ ಇವನು, "ಅಜ್ಜಿ, ಸ್ವಲ್ಪ ಪಕ್ಕಕ್ಕೆ ಬನ್ನಿ, ಫ್ರೇಮಲ್ಲಿ ಬರ್ತಿದೀರ" ಎಂದ. ಅವರು ಬಂದರು. ಬೈಯಲಿಲ್ಲ. ಅವರ ಪರವಾಗಿ ಬೈಯುವ ಕೆಲಸವನ್ನು ಈ ಅಧ್ಯಯನ ಕೈಗೆತ್ತಿಕೊಂಡಿದೆ.

4.5 ಧ್ವನಿವರ್ಧಕಜೀವಿ. 4.6 ಕೆತ್ತನೆಜೀವಿ. 4.7... ಸಾಕು. ವರ್ಗ ಹೆಚ್ಚಿದಷ್ಟೂ ಮನುಷ್ಯ ಒಂದೇ ತೆರನಾಗಿ ಕಾಣತೊಡಗುತ್ತಾನೆ.

5. ಚರ್ಚೆ

ದಾರಿ ಸುಲಭವಾದದ್ದೇ ತಪ್ಪು ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ಮೆಟ್ಟಿಲಿಲ್ಲದಿದ್ದರೆ ಆ ಅಜ್ಜಿ ಬರುತ್ತಿರಲಿಲ್ಲ. ಕಂಕುಳಲ್ಲಿ ಕೂಸು ಎತ್ತಿಕೊಂಡ ಬಾಣಂತಿ ಬರುತ್ತಿರಲಿಲ್ಲ, ಮಗನ ತೋಳು ಹಿಡಿದುಕೊಂಡು ಬಂದಿದ್ದ ಕಣ್ಣು ಮಂಜಾದ ಮೇಷ್ಟ್ರು ಬರುತ್ತಿರಲಿಲ್ಲ. ಗಟ್ಟಿ ಕಾಲಿನವರಿಗೆ ಮಾತ್ರ ನಿಸರ್ಗ ಎನ್ನುವುದು ನನಗೆ ಹೊಸ ಬಗೆಯ ಮಡಿಯಾಗಿ ಕಾಣುತ್ತದೆ. ಶಿವರಾತ್ರಿ ಜಾತ್ರೆಗೆ ಇಲ್ಲಿ ಜನ ತುಂಬುತ್ತಾರೆ. ಇಲ್ಲಿಂದ ನೀರು ಹೊತ್ತು ಗೋಕರ್ಣದ ಮಹಾಬಲೇಶ್ವರನಿಗೆ ಒಯ್ಯುತ್ತಾರೆ. ಜನ ಬಂದದ್ದರಿಂದ ಬಂಡೆ ಸವೆದಿಲ್ಲ.

ಆದರೆ ಸ್ಪೀಕರು? ಈ ಬಂಡೆಗಳ ಎತ್ತರದಲ್ಲಿ ಹೆಜ್ಜೇನು ಗೂಡು ಕಟ್ಟುತ್ತದೆ. ಕೆಳಗಿಂದ ನೋಡಿದರೆ ಕಪ್ಪಿನ ಮೇಲೆ ಇನ್ನಷ್ಟು ಕಪ್ಪಾಗಿ ಜೋತುಬಿದ್ದ ಅರ್ಧಚಂದ್ರಗಳು. ಆ ಬಂಡೆಯ ಬುಡದಲ್ಲಿ ನಿಂತು ಹಾಡು ಹಚ್ಚುವವನು, ಪ್ರತಿಧ್ವನಿ ಕೇಳಲೆಂದು ಸಿಳ್ಳೆ ಹೊಡೆಯುವವನು, ಗೂಡಿಗೆ ಕಲ್ಲು ಬೀರಿ 'ಏನಾಗುತ್ತೆ ನೋಡೋಣ' ಎನ್ನುವವನು, ಇವರಿಗೆಲ್ಲ ಏನಾಗುತ್ತದೆಂದು ಹೆಜ್ಜೇನು ಹೇಳಬಲ್ಲದು. ಕಷ್ಟವೆಂದರೆ ಅದು ಕಚ್ಚುವಾಗ ಕಲ್ಲು ಹೊಡೆದವನನ್ನು ಹುಡುಕಿಕೊಂಡು ಹೋಗುವುದಿಲ್ಲ. ಓಡಲಾರದವರೇ ಮೊದಲು ಸಿಕ್ಕಿಬೀಳುತ್ತಾರೆ.

ಕಲ್ಲಿನ ಮೇಲೆ ಹೆಸರು ಗೀಚುವವನ ಬಗ್ಗೆ ಹೇಳಲು ನನ್ನ ಬಳಿ ಪರಿಭಾಷೆ ಇಲ್ಲ. ಬೈಗುಳವಿದೆ, ಅದನ್ನು ಸಂಪಾದಕರು ತೆಗೆಯುತ್ತಾರೆ.

ಇನ್ನು ತೊರೆ. ಯಾಣದ ಪಕ್ಕ ಹರಿಯುವ ಚಂಡಿಕಾ ಹೊಳೆ ಮುಂದೆ ಅಘನಾಶಿನಿಯನ್ನು ಸೇರುತ್ತದೆ. ಅಘನಾಶಿನಿ ಶಿರಸಿಯ ಬಳಿ ಹುಟ್ಟಿ, ದೊಡ್ಡ ಅಣೆಕಟ್ಟೆಯ ಕಾಟವಿಲ್ಲದೆ ಕಡಲು ಮುಟ್ಟುವ, ನಮ್ಮಲ್ಲಿ ಉಳಿದಿರುವ ಕೆಲವೇ ಹೊಳೆಗಳಲ್ಲೊಂದು. ಕುಮಟಾ ಕಡೆಯ ಅದರ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಹೆಂಗಸರು ಮೊಣಕಾಲುದ್ದ ನೀರಿನಲ್ಲಿ ಬಗ್ಗಿ ಬಳಚು ಎಂಬ ಚಿಪ್ಪುಮೀನು ಆರಿಸುತ್ತಾರೆ. ಉಪ್ಪುನೀರು ನುಗ್ಗುವ ಗಜನಿ ಗದ್ದೆಗಳಲ್ಲಿ ಕಗ್ಗ ಭತ್ತ ಬೆಳೆಯುತ್ತದೆ. 2024ರಲ್ಲಿ ಆ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಪಟ್ಟಿಗೆ ಸೇರಿದ್ದಕ್ಕೆ ನಾವೆಲ್ಲ ಹೆಮ್ಮೆಪಟ್ಟೆವು. ಯಾಣದ ಮೆಟ್ಟಿಲಿನ ಪಕ್ಕ ಎಸೆದ ಚಿಪ್ಸಿನ ಚೀಲಕ್ಕೆ ಪಟ್ಟಿ ಓದಲು ಬರುವುದಿಲ್ಲ. ಜೂನಿನ ಮೊದಲ ಮಳೆಗೆ ಅದು ತೊರೆಗಿಳಿಯುತ್ತದೆ, ತೊರೆಯಿಂದ ಹೊಳೆಗೆ, ಹೊಳೆಯಿಂದ ಅಳಿವೆಗೆ. ಬಳಚು ಆರಿಸುವ ಹೆಂಗಸಿನ ಕೈಗೆ ಮಣ್ಣಿನಡಿ ಅದು ಸಿಗುತ್ತದೆ. ಯಾಣಕ್ಕೆ ಹೋಗಲು ಅವಳಿಗೆ ಪುರುಸೊತ್ತು ಸಿಕ್ಕಿರಲಿಕ್ಕಿಲ್ಲ. ಯಾಣಕ್ಕೆ ಬಂದವರ ತಿಂಡಿಯ ಚೀಲವಂತೂ ಅವಳಲ್ಲಿಗೆ ಹೋಗಿ ತಲುಪಿದೆ. ಇದಕ್ಕೆ ಯಾವ ಪರಿಪ್ರೇಕ್ಷ್ಯ ಬೇಕು? ಯಾವ ಸೈದ್ಧಾಂತಿಕ ನೆಲೆಗಟ್ಟು? ಚೀಲ ಜೇಬಿನಲ್ಲಿ ಮಡಚಿಟ್ಟುಕೊಳ್ಳಲು ಪಿಎಚ್.ಡಿ. ಬೇಕೆ?

(ಇಲ್ಲಿ ಸಂಶೋಧಕ ವಸ್ತುನಿಷ್ಠತೆ ಕಳೆದುಕೊಂಡಿದ್ದಾನೆಂದು ಗೋಷ್ಠಿಯ ಅಧ್ಯಕ್ಷರು ದಾಖಲಿಸಿದ್ದಾರೆ.)

ಅನುಬಂಧ 1: ಕೊಂಡೊಯ್ಯಬೇಕಾದ ವಸ್ತುಗಳು

ಮನೆಯಿಂದ ತುಂಬಿಸಿಕೊಂಡ ನೀರು. ಮಳೆಗಾಲವಾದರೆ ಕೊಡೆ, ಜೊತೆಗೆ ಉಂಬಳಕ್ಕೆ ಒಂದು ಪೊಟ್ಟಣ ಉಪ್ಪು. ಸುಣ್ಣ ಹಚ್ಚಿದ ಹೊಗೆಸೊಪ್ಪಾದರೂ ನಡೆಯುತ್ತದೆ. ಬಂಡೆಯ ಸುತ್ತ ಬರಿಗಾಲಲ್ಲಿ ಹೋಗಬೇಕಾದ್ದರಿಂದ ಸುಲಭವಾಗಿ ಕಳಚುವ ಚಪ್ಪಲಿ. ಇಳಿಯುವಾಗ ಯಾರಾದರೂ ದೂರ ಕೇಳಿದರೆ ಹೇಳಲು ಒಂದು ನಿಜವಾದ ಉತ್ತರ.

ಅನುಬಂಧ 2: ಅಧ್ಯಕ್ಷರು ಕಳಿಸಿದ ಚೀಟಿಯ ಯಥಾಪ್ರತಿ

"ದಯವಿಟ್ಟು ಮುಗಿಸಿ. ಇನ್ನೂ ನಾಲ್ವರ ಮಂಡನೆ ಇದೆ. ಊಟ ಬಡಿಸಿಯಾಗಿದೆ."