‘ಬರೀ ಹೆಸರು ಬದಲಾಗಿದೆ ಅಷ್ಟೇ’ ಎಂದ ಮಹನೀಯರಿಗೆ

ಇವರಿಗೆ,
ಜಾವಾ ಫ್ರೇಮ್‌ವರ್ಕ್‌ಗಳ ನಿರ್ಮಾತೃಗಳು, ಮಾನದಂಡ ಸಮಿತಿಗಳ ಸದಸ್ಯರು ಹಾಗೂ ಇವರೆಲ್ಲರ ವಕೀಲರು.

ವಿಷಯ: ಚೆನ್ನಾಗಿ ನಡೆಯುತ್ತಿದ್ದ ವೆಬ್ ಪುಟಗಳನ್ನು ಕೆಡಿಸಿಕೊಟ್ಟದ್ದಕ್ಕೆ ಧನ್ಯವಾದ ಸಲ್ಲಿಸುವ ಬಗ್ಗೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ನಾನು ಬೆಂಗಳೂರಿನಲ್ಲಿ ವೆಬ್ ಪುಟಗಳ ಟೆಂಪ್ಲೇಟ್ ರಿಪೇರಿ ಮಾಡಿಕೊಂಡು ಹೊಟ್ಟೆ ಹೊರೆಯುವವನು. ಹೊಸ ಆ್ಯಪ್ ಕಟ್ಟುವ ಭಾಗ್ಯ ಪಕ್ಕದ ಟೀಮಿನವರದು. ನನ್ನ ಪಾಲಿಗೆ ಬರುವುದು ಯಾವ ಕಾಲದಲ್ಲೋ ಯಾರೋ ಬರೆದಿಟ್ಟು, ಆಮೇಲೆ ಬೇರೆ ಕಂಪನಿಗೆ ಹಾರಿಹೋದ ಪುಟಗಳು. ತಾವಾಗಿ ಅವು ಕೆಡುವುದಿಲ್ಲ. ಹಾಗೇ ಬಿಟ್ಟಿದ್ದರೆ ನನ್ನಂಥವನಿಗೆ ಸಂಬಳ ಕೊಡಲು ಕಾರಣವೇ ಇರುತ್ತಿರಲಿಲ್ಲ. ತಾವು ಹಾಗೆ ಬಿಡಲಿಲ್ಲ. ತಮ್ಮ ಉಪಕಾರ ದೊಡ್ಡದು.

ಕತೆ ಗೊತ್ತಿಲ್ಲದವರಿಗಾಗಿ ಸ್ವಲ್ಪ ಹಿಂದಕ್ಕೆ ಹೋಗುತ್ತೇನೆ. 2017ರಲ್ಲಿ ಒರೇಕಲ್ ಸಂಸ್ಥೆ, ಉದ್ಯಮಗಳ ಆ್ಯಪುಗಳಿಗಾಗಿ ಇದ್ದ ಜಾವಾ ಇಇ ಎಂಬ ಮಾನದಂಡಗಳ ಕಟ್ಟನ್ನು ಎಕ್ಲಿಪ್ಸ್ ಪ್ರತಿಷ್ಠಾನಕ್ಕೆ ಒಪ್ಪಿಸುವುದಾಗಿ ಹೇಳಿತು. ಕೋಡ್ ಕೊಟ್ಟಿತು, ಹೆಸರು ತಾನೇ ಇಟ್ಟುಕೊಂಡಿತು. ‘ಜಾವಾ’ ಎಂಬುದು ಟ್ರೇಡ್‌ಮಾರ್ಕ್ ನೋಡಿ. ಹಾಗಾಗಿ 2018ರಲ್ಲಿ ಮತ ಹಾಕಿಸಿ ‘ಜಕಾರ್ತಾ ಇಇ’ ಎಂದು ನಾಮಕರಣ ಮಾಡಿದಿರಿ. ಅಷ್ಟಕ್ಕೇ ಮುಗಿದಿದ್ದರೆ ಪುಸ್ತಕಗಳ ರಟ್ಟು ಬದಲಾಗುತ್ತಿತ್ತು, ನನ್ನ ಫೈಲುಗಳು ತಣ್ಣಗಿರುತ್ತಿದ್ದವು. ಆದರೆ 2019ರ ಮೇ ತಿಂಗಳಲ್ಲಿ ಮಾತುಕತೆ ಮುರಿದುಬಿತ್ತು. ‘ಜಾವಾಎಕ್ಸ್’ ಎಂದು ಶುರುವಾಗುವ ಪ್ಯಾಕೇಜುಗಳನ್ನು ಇದ್ದ ಹಾಗೆ ಬಳಸಬಹುದು, ತಿದ್ದಿ ಬೆಳೆಸುವ ಹಾಗಿಲ್ಲ ಎಂದು ತೀರ್ಮಾನವಾಯಿತು. 2020ರ ಡಿಸೆಂಬರಿನಲ್ಲಿ ಬಂದ ಜಕಾರ್ತಾ ಇಇ 9ರ ಮುಖ್ಯ ಸಾಧನೆಯೇ ‘ಜಾವಾಎಕ್ಸ್’ ಅಳಿಸಿ ‘ಜಕಾರ್ತಾ’ ಎಂದು ಬರೆದದ್ದು. ಒಬ್ಬ ಎಂಜಿನಿಯರೂ ಕೇಳದ ಬದಲಾವಣೆಯನ್ನು ಲಕ್ಷಾಂತರ ಫೈಲುಗಳಲ್ಲಿ ಎಂಜಿನಿಯರುಗಳ ಕೈಯಲ್ಲೇ ಮಾಡಿಸಿದ ತಮ್ಮ ಸಂಘಟನಾ ಚಾತುರ್ಯಕ್ಕೆ ತಲೆಬಾಗಿದ್ದೇನೆ.

ಹೆಸರು ಬದಲಾವಣೆ ನಮಗೇನೂ ಹೊಸದಲ್ಲ ಸ್ವಾಮಿ. 2014ರ ನವೆಂಬರ್ 1ರಂದು ಕರ್ನಾಟಕದ 12 ಊರುಗಳ ಇಂಗ್ಲಿಷ್ ಹೆಸರು ಬದಲಾಯಿತು. ಇವತ್ತಿಗೂ ಗುಲ್ಬರ್ಗಾ ಎಂದು ವಿಳಾಸ ಬರೆದರೆ ಪತ್ರ ಕಲಬುರಗಿಗೇ ಹೋಗಿ ಸೇರುತ್ತದೆ. ಅಂಚೆಯಣ್ಣ ಅದನ್ನು ವಾಪಸು ಕಳಿಸಿ ‘ಇಂಥ ಊರು ಇಲ್ಲ’ ಎಂದು ಮೊಹರು ಒತ್ತುವುದಿಲ್ಲ. ನಮ್ಮ ಆ್ಯಪುಗಳನ್ನು ನಡೆಸುವ ಟಾಮ್‌ಕ್ಯಾಟ್ 10 ಸರ್ವರ್ ಒತ್ತುತ್ತದೆ. (ಪಾಪ, ಅದರವರು ಕರುಣಾಳುಗಳು, ಹಳೆಯ ಆ್ಯಪನ್ನು ಬೇರೊಂದು ಫೋಲ್ಡರಿಗೆ ಹಾಕಿದರೆ ಟಾಮ್‌ಕ್ಯಾಟೇ ಹೆಸರು ತಿದ್ದಿಕೊಳ್ಳುವ ಏರ್ಪಾಡು ಮಾಡಿದ್ದಾರೆ. ಆ ಫೋಲ್ಡರ್ ಇದೆಯೆಂದು ನಮ್ಮ ಮ್ಯಾನೇಜರಿಗೆ ದಯವಿಟ್ಟು ಯಾರೂ ಹೇಳಬೇಡಿ.)

‘ಹುಡುಕಿ ಬದಲಿಸಿದರೆ ಆಯಿತಲ್ಲ, ಅದರಲ್ಲೇನಿದೆ’ ಎಂದು ತಾವು ಕೇಳುವುದು ಗೊತ್ತು. ಸರಿ, ಎಡಿಟರಿನಲ್ಲಿ ‘ಜಾವಾಎಕ್ಸ್’ ಇದ್ದಲ್ಲೆಲ್ಲ ‘ಜಕಾರ್ತಾ’ ಮಾಡಿ ನೋಡಿ. ಸರ್ವ್ಲೆಟ್ ಸರಿಹೋಯಿತು, ಡೇಟಾಬೇಸ್ ಸತ್ತಿತು. ಏಕೆಂದರೆ ‘ಜಾವಾಎಕ್ಸ್ ಡಾಟ್ ಎಸ್‌ಕ್ಯುಎಲ್’ ಜಾವಾದ ಮೂಲ ಮನೆಗೇ ಸೇರಿದ್ದು, ಅದರ ಹೆಸರು ಬದಲಾಗಿಲ್ಲ. ಕ್ರಿಪ್ಟೋ, ಸ್ವಿಂಗ್ ಕೂಡ ಹಾಗೇ. ಎಕ್ಸ್‌ಎಮ್‌ಎಲ್ ಸಂಸಾರದಲ್ಲಿ ‘ಪಾರ್ಸರ್ಸ್’ ಹಳೆಮನೆಯಲ್ಲೇ ಉಳಿಯಿತು, ‘ಬೈಂಡ್’ ಹೊಸಮನೆಗೆ ಹೋಯಿತು. ಪಾಲುಪಟ್ಟಿ ಬರೆದವರು ಯಾರೆಂದು ತಿಳಿದರೆ ನಮ್ಮೂರಿನ ಆಸ್ತಿ ವ್ಯಾಜ್ಯಕ್ಕೂ ಅವರನ್ನೇ ಕರೆಸುವ ಆಸೆಯಿದೆ.

ಇಷ್ಟಾದರೂ ಜಾವಾ ಕಡತಗಳ ಮಟ್ಟಿಗೆ ಧೈರ್ಯವಿದೆ. ತಪ್ಪಿದರೆ ಕಂಪೈಲರ್ ಕೂಗುತ್ತದೆ, ಬೆಳಗ್ಗೆಯೇ ಕೂಗುತ್ತದೆ. ಟೆಂಪ್ಲೇಟ್ ಹಾಗಲ್ಲ. ಕಂಪೈಲರಿನ ಲೆಕ್ಕದಲ್ಲಿ ಅದು ಯಾವುದೋ ಎಚ್‌ಟಿಎಮ್‌ಎಲ್, ತನಗೆ ಸಂಬಂಧಿಸಿದ್ದಲ್ಲ. ಬಿಲ್ಡ್ ಹಸಿರು, ಟೆಸ್ಟ್ ಹಸಿರು, ರಿಲೀಸ್ ಮೀಟಿಂಗಿನಲ್ಲಿ ಎಲ್ಲರ ಮುಖವೂ ಹಸಿರು. ಪುಟವನ್ನು ಯಾರಾದರೂ ಪುಣ್ಯಾತ್ಮರು ತೆರೆದಾಗಷ್ಟೇ ಬಣ್ಣ ಬದಲಾಗುವುದು.

ಒಂದು ಸಾಲು ತೋರಿಸುತ್ತೇನೆ. ಥೈಮ್‌ಲೀಫ್ ಎಂಬ ಟೆಂಪ್ಲೇಟ್ ಎಂಜಿನ್ ಬಳಸಿದ ಆ್ಯಪುಗಳಲ್ಲಿ ನೆತ್ತಿಯ ಮೆನು ಇರುವ ಹೆಡರ್ ಎಂಬ ತುಣುಕೊಂದು ಇರುತ್ತದೆ. ಬಳಕೆದಾರ ಈಗ ಯಾವ ಪುಟದಲ್ಲಿದ್ದಾನೋ ಆ ಹೆಸರಿಗೆ ಬಣ್ಣ ಹಚ್ಚಬೇಕು. ಅದಕ್ಕೆ ‘ಹ್ಯಾಶ್ ರಿಕ್ವೆಸ್ಟ್’ ಎಂದು ಬರೆದು, ಅದರಿಂದ ಈಗಿನ ವಿಳಾಸ ಎತ್ತಿಕೊಂಡು ಹೋಲಿಸಿದರೆ ಸಾಕಿತ್ತು. 2022ರ ಕೊನೆಯಲ್ಲಿ ಜಕಾರ್ತಾ ಹೆಸರಿಗೆ ಬದಲಾದ ಸ್ಪ್ರಿಂಗ್ ಬೂಟ್ 3 ಫ್ರೇಮ್‌ವರ್ಕ್ ಬಂತು, ಅದೇ ಹೊತ್ತಿಗೆ ಥೈಮ್‌ಲೀಫ್ 3.1 ಕೂಡ ಬಂತು. ಆ ‘ಹ್ಯಾಶ್ ರಿಕ್ವೆಸ್ಟ್’ ಇನ್ನಿಲ್ಲವಾಯಿತು. ರೆಸ್ಪಾನ್ಸ್, ಸೆಷನ್, ಸರ್ವ್ಲೆಟ್ ಕಾಂಟೆಕ್ಸ್ಟ್ ಕೂಡ ಜೊತೆಗೇ ಹೋದವು. ಹೆಡರ್ ಎಲ್ಲ ಪುಟದಲ್ಲೂ ಇರುವುದರಿಂದ ಎಲ್ಲ ಪುಟದಲ್ಲೂ ಒಟ್ಟಿಗೇ 500 ಎರರ್. ಅದಿರಲಿ, ‘ಕ್ಷಮಿಸಿ, ಏನೋ ತೊಂದರೆಯಾಗಿದೆ’ ಎನ್ನುವ ಎರರ್ ಪುಟ ಇರುತ್ತದಲ್ಲ, ಅದಕ್ಕೂ ನಮ್ಮ ಹಿಂದಿನವರು ಶಿಸ್ತಾಗಿ ಅದೇ ಹೆಡರ್ ಜೋಡಿಸಿರುತ್ತಾರೆ. ಕ್ಷಮೆ ಕೇಳಲು ಹೋದ ಪುಟವೂ ದಾರಿಯಲ್ಲೇ ಮಗುಚಿಕೊಳ್ಳುತ್ತದೆ. ಕೊನೆಗೆ ಬಳಕೆದಾರನ ಮುಂದೆ ನಿಲ್ಲುವುದು ಟಾಮ್‌ಕ್ಯಾಟಿನ ಬೋಳು ಪುಟ.

ಇಲ್ಲೊಂದು ಮಾತು ವ್ಯಂಗ್ಯ ಬಿಟ್ಟು ಹೇಳುತ್ತೇನೆ, ತಾವು ಗಾಬರಿಯಾಗಬಾರದು. ‘ಹ್ಯಾಶ್ ರಿಕ್ವೆಸ್ಟ್’ ತೆಗೆದದ್ದು ಸರಿಯಾದದ್ದೇ. ಟೆಂಪ್ಲೇಟಿನ ಕೈಗೆ ಇಡೀ ರಿಕ್ವೆಸ್ಟನ್ನು ಕೊಟ್ಟುಬಿಡುವುದು ಅಪಾಯ. ಬೇಕಾದ ಒಂದೆರಡು ವಿವರವನ್ನು ಕಂಟ್ರೋಲರ್ ಆಯ್ದು ಮಾಡೆಲಿಗೆ ಹಾಕಬೇಕು, ಪುಟ ಅದನ್ನಷ್ಟೇ ನೋಡಬೇಕು. ಎಲ್ಲ ಕಂಟ್ರೋಲರಿಗೂ ಅನ್ವಯವಾಗುವ ಒಂದು ಅಡ್ವೈಸ್ ಕ್ಲಾಸಿನಲ್ಲಿ ನಾಲ್ಕು ಸಾಲು ಬರೆದರೆ ಹೆಡರ್ ಮತ್ತೆ ಉಸಿರಾಡುತ್ತದೆ. ಥೈಮ್‌ಲೀಫಿನವರು ಇನ್ನೊಂದು ಒಳ್ಳೆಯ ಕೆಲಸವನ್ನೂ ಮಾಡಿದರು: ‘ವೆಬ್ ಎಕ್ಸ್‌ಚೇಂಜ್’ ಎಂಬ ತಮ್ಮದೇ ಪದರವನ್ನು ನಡುವೆ ಇಟ್ಟು, ಜಾವಾಎಕ್ಸ್ ಮನೆಯವರಿಗೂ ಜಕಾರ್ತಾ ಮನೆಯವರಿಗೂ ಒಂದೇ ಎಂಜಿನ್ ಸಾಕಾಗುವಂತೆ ಮಾಡಿದರು. ಹಾಗಾಗಿ ಮೊದಲು ರಿಕ್ವೆಸ್ಟ್, ರೆಸ್ಪಾನ್ಸ್ ಕೊಟ್ಟು ಕಟ್ಟುತ್ತಿದ್ದ ವೆಬ್ ಕಾಂಟೆಕ್ಸ್ಟನ್ನು ಈಗ ಆ ಎಕ್ಸ್‌ಚೇಂಜ್ ಕೊಟ್ಟು ಕಟ್ಟಬೇಕು. ಇಲ್ಲಿ ಕಂಪೈಲರ್ ಕೂಗಿಕೊಂಡಿತು. ಸಂತೋಷದಿಂದ ತಿದ್ದಿದೆ. ಕಾರಣ ಹೇಳಿ ಕೆಡಿಸಿದರೆ ರಿಪೇರಿಗೆ ಬೇಸರವಿಲ್ಲ.

ತಮ್ಮಲ್ಲೇ ಕೆಲವರಿಗೆ ಹಳೆಯ ಹೆಸರನ್ನು ಉಳಿಸಿಕೊಳ್ಳುವುದೂ ಗೊತ್ತು ಎಂಬುದಕ್ಕೆ ಸಾಕ್ಷಿಯಿದೆ. ಜೆಎಸ್‌ಪಿ ಪುಟಗಳ ಮೊದಲ ಸಾಲುಗಳಲ್ಲಿ ಟ್ಯಾಗ್ ಲೈಬ್ರರಿಯ ಗುರುತಾಗಿ ‘ಜಾವಾ ಡಾಟ್ ಸನ್ ಡಾಟ್ ಕಾಮ್’ ಎಂದು ಬರೆದಿರುತ್ತದೆ. ಜಾವಾದ ಹಿಂದಿನ ಒಡೆಯ ಸನ್ ಕಂಪನಿಯನ್ನು ಒರೇಕಲ್ 2010ರಲ್ಲೇ ಕೊಂಡಿತು. ಒಡೆಯ ಹೋದರೂ ಬೋರ್ಡು ಹಾಗೇ ಇತ್ತು. 2022ರ ಜಕಾರ್ತಾ ಇಇ 10ರಲ್ಲಿ ‘ಜಕಾರ್ತಾ ಡಾಟ್ ಟ್ಯಾಗ್ಸ್ ಡಾಟ್ ಕೋರ್’ ಎಂಬ ಹೊಸ ಗುರುತು ಬಂದಾಗ ಹಳೆಯದೂ ನಡೆಯುತ್ತದೆ ಎಂದರು. ನಡೆಯುತ್ತಿದೆ. ಭೂಮಿಯೇನೂ ಬಾಯಿಬಿಡಲಿಲ್ಲ.

ಹಳೆಯ ಸ್ಪ್ರಿಂಗ್ ಬೂಟ್ 2.7ರಲ್ಲೇ ಇದ್ದುಬಿಡುತ್ತೇವೆ ಎನ್ನುವ ಹಾಗೂ ಇಲ್ಲ. ಅದರ ಉಚಿತ ಬೆಂಬಲ 2023ರಲ್ಲಿ ಮುಗಿಯಿತು, ಹಣ ಕೊಟ್ಟವರಿಗೆ ಮಾತ್ರ ಮುಂದುವರಿಯಿತು. ಈ ಏರ್ಪಾಡನ್ನು ದೂರಲಾರೆ, ನಾನೂ ಸಂಬಳಕ್ಕೇ ದುಡಿಯುವವನು.

ಆದುದರಿಂದ ತಮ್ಮಲ್ಲಿ ನನ್ನ ಬೇಡಿಕೆ ಸಣ್ಣದು. ಮುಂದಿನ ಸಲ ವೇದಿಕೆಯ ಮೇಲೆ ನಿಂತು ‘ಬರೀ ಹೆಸರು ಬದಲಾಗಿದೆ ಅಷ್ಟೇ’ ಎನ್ನುವ ಮೊದಲು ಒಂದು ಹಳೆಯ ಆ್ಯಪ್ ತರಿಸಿಕೊಂಡು, ಅದರ ಒಂದೊಂದೂ ಪುಟವನ್ನು ಬ್ರೌಸರಿನಲ್ಲಿ ತಾವೇ ತೆರೆದು ನೋಡಿ. ಎರರ್ ಪುಟವನ್ನು ಮರೆಯಬೇಡಿ. ಇನ್ನೊಂದು ವಿಷಯ. ಇಂಡೋನೇಷ್ಯಾದವರು ತಮ್ಮ ರಾಜಧಾನಿಯನ್ನೇ ಜಕಾರ್ತಾದಿಂದ ನುಸಂತರಕ್ಕೆ ಸಾಗಿಸಲು 2022ರಲ್ಲಿ ಕಾನೂನು ಮಾಡಿದ್ದಾರೆ. ಇದನ್ನು ತಮ್ಮ ಸಮಿತಿಯ ಗಮನಕ್ಕೆ ಯಾರೂ ತರದಿರಲಿ.

ಇಂತಿ ತಮ್ಮ ವಿಧೇಯ,
ಟೆಂಪ್ಲೇಟ್ ರಿಪೇರಿಯವನು, ಬೆಂಗಳೂರು

ಪ್ರತಿ: ತಮ್ಮ ವಕೀಲರಿಗೆ, ಮಾಹಿತಿಗಾಗಿ. ಕಂಪೈಲರಿಗೆ ಕಳಿಸಿಲ್ಲ, ಅದು ಇಂಥದ್ದನ್ನೆಲ್ಲ ಓದುವುದಿಲ್ಲ.