ಸಾರಿ ಅಂದ್ಬಿಟ್ರ ಆತೇನ್ರಿ?

ಅಕ್ಕಾರ, ಹಿಂಗ ಬೇಲಿ ಕಡೆ ಬರ್ರಿ. ನಿಮ್ಮ ಮೊಮ್ಮಗನ ಬುಗುರಿ ಎತ್ಕೊಂಡು ಬಂದಂವ ನಮ್ಮ ಹುಡುಗನ. ‘ಸಾರಿ’ ಅಂದಾನಂತ, ಹೌದಲ್ರಿ? ಈಗಿನ ಹುಡುಗರು ಅದೊಂದನ್ನ ಬಾಯಾಗ ಸಿದ್ಧ ಇಟ್ಟಿರ್ತಾವ. ಬುಗುರಿ ಮಾತ್ರ ಇನ್ನೂ ಕಿಸೆದಾಗ ಐತಿ!

ಪಾದ್ರಿ ಮುಂದ ಹೇಳ್ಕೊಂಡ್ರ ಮಾಫ್ ಆಗಂಗಿಲ್ಲೇನು ಅಂತ ಕೇಳತೀರಿ. ಅದು ಕ್ಯಾಥೊಲಿಕರ ರೂಢಿ. ನಮ್ಮದು 1852ರಾಗ ಕೊಲ್ಹಾಪುರಕ್ಕ ಬಂದ ಅಮೆರಿಕದ ವೈಲ್ಡರ್ ಸಾಹೇಬರ ಕಡೆಯ ಸಭಾ. ಹುಡುಗರಿಗೆ ಮಾಫಿ ಕೇಳೋದನ್ನ ಕಲಿಸೋದು ನಮ್ಮ ಅಡಗಿಮನ್ಯಾಗ. ಅದರಾಗ ಈ ಗಡಹಿಂಗ್ಲಜದ ಫಜೀತಿ ಬ್ಯಾರೆ. ರವಿವಾರ ಪ್ರಾರ್ಥನಾ ಮರಾಠಿ, ಮನ್ಯಾಗ ಜಗಳ ಕನ್ನಡ. ದೇವರ ಹತ್ರ ಮರಾಠಿಯಾಗ ಮಾಫಿ ಬೇಡ್ತಾನ, ಮನಿಗೆ ಬಂದು ತಂಗಿ ಜಡಿ ಜಗ್ಗತಾನ.

ಅದಕ್ಕ ಜಕ್ಕಾಯನ ಕತಿ ಹೇಳ್ದೆ. ಸುಂಕದಂವ, ಗಿಡ್ಡ ಮನಷ್ಯಾ, ಯೇಸುನ್ನ ನೋಡಾಕ ಗಿಡ ಏರಿದಂವ. ಅಂವ ಬರೇ ಬಾಯಿಲೆ ಅನ್ಲಿಲ್ಲ. ಅರ್ಧಾ ಆಸ್ತಿ ಬಡವರಿಗೆ, ಮೋಸ ಮಾಡಿ ತಗೊಂಡಿದ್ದಕ್ಕ ನಾಕ್ ಪಟ್ಟು ವಾಪಸ್. “ಹಂಗಾದ್ರ ನಾಕ್ ಬುಗುರಿ ಕೊಡಬೇಕೇನ ಆಯಿ?” ಅಂದ ಹುಡುಗ. ಲೆಕ್ಕದಾಗ ಶ್ಯಾಣ್ಯಾ!

ಆದ್ರ ವಾಪಸ್ ಕೊಟ್ರ ಮುಗೀತು ಅಂತನೂ ಅನ್ನಾಕ ಬರಂಗಿಲ್ರಿ. ಯೇಸುನ್ನ ಹಿಡಕೊಟ್ಟ ಶಿಷ್ಯ ಯೂದನೂ ಅದಕ್ಕ ತಗೊಂಡ ಮೂವತ್ತು ಬೆಳ್ಳಿ ನಾಣ್ಯ ತಿರುಗಿ ಒಗದ, ಹೋಗಿ ಉರ್ಲು ಹಾಕ್ಕೊಂಡ. ಇನ್ನೊಬ್ಬ ಶಿಷ್ಯ ಪೇತ್ರ ತನ್ನ ಗುರುನ್ನ ಗೊತ್ತಿಲ್ಲಂತ ಮೂರು ಸಲ ಅಂದ, ಬಿಕ್ಕಿಬಿಕ್ಕಿ ಅತ್ತ, ಆದ್ರ ಅವನ ಹತ್ರಾನ ತಿರುಗಿ ಬಂದ. ಬರಾಕ ದಾರಿ ಐತಿ ಅಂತ ಹುಡುಗಗ ಗೊತ್ತಿರಬೇಕು ನೋಡ್ರಿ. ಸೊಸಿ ಅವನ್ನ ಓಣ್ಯಾಗ ನಿಂದರ್ಸಿ ಕಿವಿ ಹಿಡಸ್ತೀನಿ ಅಂದ್ಲು, ನಾ ಬ್ಯಾಡಂದೆ. ಹಂಗ ಮಾಡಿದ್ರ ಕದಿಯೋದು ಬಿಡಂಗಿಲ್ಲ, ಮುಚ್ಚಿಡೋದು ಕಲೀತಾನ. ಇಚಲಕರಂಜಿಯಾಗ ನನ್ನ ತಮ್ಮನ ಪಾವರ್‌ಲೂಮ್ ನೋಡೀರಲ್ಲ? ಹಾಸಿನ ಎಳಿ ಹರದ್ರ ಮಗ್ಗ ನಿಲ್ಲಸಿ ಗಂಟು ಹಾಕತಾರ. ಮಗ್ಗಕ್ಕ ಒದಿಯಂಗಿಲ್ಲ, ಹಂಗ ಓಡಸಂಗೂ ಇಲ್ಲ.

ಸಂಜಿಮುಂದ ಅವನೊಬ್ಬನ್ನ ಕಳಸ್ತೀನಿ. “ಇರ್ಲಿ ಬಿಡಪ್ಪ” ಅಂತ ಜಲ್ದಿ ಅನಬ್ಯಾಡ್ರಿ, ಪೂರಾ ಹೇಳಲಿ. ಹೇಳಿದ ಮ್ಯಾಲೆ ಚಹಾ ಕೊಡ್ರಿ, ಮತ್ತ ನಾಳಿ ಅದನ್ನ ಎತ್ತಿ ಆಡಬ್ಯಾಡ್ರಿ.

ನನಗ ಚಿಂತಿ ಅವನ ತಂಗೀದು. “ಅಣ್ಣಗ ಹೊಡತಾನೂ ಇಲ್ಲೇನ?” ಅಂತ ಮಾರಿ ಉಬ್ಬಿಸ್ಕೊಂಡು ಕುಂತಾಳ. ಯೇಸು ಹೇಳಿದ ಕತಿಯಾಗ ಮನಿ ಬಿಟ್ಟು ಹೋಗಿದ್ದ ಮಗ ತಿರುಗಿ ಬಂದಾಗ ಹಿರಿ ಮಗನೂ ಒಳಗ ಬರಾಕ ಒಲ್ಲೆ ಅಂದಿದ್ನಲ್ಲ, ಹಂಗ. ಅಕಿನ್ನ ಒಳಗ ಕರಿಯೋದು ಇನ್ನೂ ಬಾಕಿ ಐತಿ.